ಬಹುಮಾನದ ಕಾರು ಮತ್ತು ಮನೆಯ ಲೆಕ್ಕ

ಬಹುಮಾನವೆಂಬ ಮಾತಿಗೆ ನಮ್ಮ ಜನರಲ್ಲಿ ವಿಶೇಷವಾದ ಗೌರವವುಂಟು. ಶಾಲೆಯಲ್ಲಿ ಒಮ್ಮೆ ಬಹುಮಾನ ಪಡೆದ ಹುಡುಗನು ಮುಪ್ಪಿನವರೆಗೂ ಬುದ್ಧಿವಂತನೆನಿಸಿಕೊಳ್ಳುತ್ತಾನೆ. ಯಾವುದೋ ಕಾಲದ ವಸ್ತುಪ್ರದರ್ಶನದಲ್ಲಿ ದೊರೆತ ಪದಕದ ಚಿತ್ರವು ಊದುಬತ್ತಿಯ ಕಟ್ಟಿನ ಮೇಲೆ ಮೂರು ತಲೆಮಾರು ಅಚ್ಚಾಗುತ್ತ ಬರುತ್ತದೆ. ಈಚಿನ ವರ್ಷಗಳಲ್ಲಿ ಈ ಗೌರವ ಮೋಟಾರು ಗಾಡಿಗಳಿಗೂ ಸಂದಿದೆ. ನಮ್ಮ ದೇಶದಲ್ಲಿ ‘ಇಂಡಿಯನ್ ಕಾರ್ ಆಫ್ ದಿ ಇಯರ್’ ಎಂಬ ಬಹುಮಾನವು ೨೦೦೬ರಿಂದ ನಡೆದುಬಂದಿದೆ. ಇದನ್ನು ಪಡೆದ ಗಾಡಿಗಳಲ್ಲಿ ಸಿರಿವಂತರ ಗಾಡಿಗಳಿಗಿಂತ ನಮ್ಮಂಥವರ ಗಾಡಿಗಳೇ ಹೆಚ್ಚೆಂಬುದು ಸಂತೋಷದ ಸಂಗತಿ. ೨೦೦೬ರಲ್ಲಿ ಮಾರುತಿ ಸ್ವಿಫ್ಟ್, ೨೦೦೮ರಲ್ಲಿ ಹ್ಯುಂಡೈ ಐ-ಟೆನ್, ೨೦೧೦ರಲ್ಲಿ ಟಾಟಾ ನ್ಯಾನೋ, ೨೦೧೧ರಲ್ಲಿ ಫೋರ್ಡ್ ಫಿಗೋ, ೨೦೧೨ರಲ್ಲಿ ಮತ್ತು ೨೦೧೯ರಲ್ಲಿ ಪುನಃ ಸ್ವಿಫ್ಟ್, ೨೦೨೪ರಲ್ಲಿ ಹ್ಯುಂಡೈ ಎಕ್ಸ್‌ಟರ್ — ಇವೆಲ್ಲ ಮಧ್ಯಮ ವರ್ಗದ ಮನೆಯಂಗಳದಲ್ಲಿ ನಿಲ್ಲುವ ಗಾಡಿಗಳೇ.

ಹೀಗಿರಲು, ಬಹುಮಾನ ಪಡೆದ ಅಗ್ಗದ ಕಾರು ಇಂದಿಗೂ ಕೊಟ್ಟ ಹಣಕ್ಕೆ ತಕ್ಕ ಬೆಲೆಯುಳ್ಳದ್ದೆ ಎಂಬ ಪ್ರಶ್ನೆ ನಮಗೆ ಬರಿಯ ಹರಟೆಯ ವಿಷಯವಲ್ಲ. ನಮ್ಮ ಮನೆಯ ಗಾಡಿಗೆ ಹದಿಮೂರು ವರ್ಷ ತುಂಬಿದೆ. ಘಾಟಿ ಹತ್ತುವಾಗ ಅದು ತೆಗೆಯುವ ಏದುಸಿರು ಒಳಗೆ ಕುಳಿತವರಿಗೂ ಕೇಳಿಸುತ್ತದೆ. ಹೊಸದೊಂದನ್ನು ಕೊಳ್ಳಬೇಕಾಗಿದೆ. ಕೊಳ್ಳಲು ಕೈಯಲ್ಲಿರುವ ಗಂಟಾದರೋ ಒಂದೇ. ಅದಕ್ಕೆ ಕಾರು ಒಂದು ಕಡೆಯಿಂದ, ಮಗಳ ಕಾಲೇಜು ಇನ್ನೊಂದು ಕಡೆಯಿಂದ ಕೈಚಾಚಿವೆ. ಮಗಳು ಬಹುಮಾನಿತ ಗಾಡಿಗಳ ಪಟ್ಟಿಯನ್ನು ಬರೆದು ನಮ್ಮ ಮುಂದಿಟ್ಟಳು. ಮಂಡಿನೋವಿನ ನಮ್ಮ ತಾಯಿಯವರು ಪಟ್ಟಿಯನ್ನೆಲ್ಲ ಕೇಳಿ, “ಬಹುಮಾನ ಕೊಟ್ಟವರು ಹಿಂದಿನ ಸೀಟಿನಲ್ಲಿ ಕೂತು ನಮ್ಮೂರ ತನಕ ಹೋಗಿದ್ದರೇನಪ್ಪ?” ಎಂದರು. ನಾವೆಲ್ಲರೂ ನಕ್ಕೆವು. ಆದರೆ ಆ ರಾತ್ರಿ ಯೋಚಿಸಿ ನೋಡಿದಾಗ, ಎಲ್ಲ ವಿಚಾರವೂ ಆ ಒಂದು ಪ್ರಶ್ನೆಯಲ್ಲೇ ಅಡಗಿದೆಯೆಂದು ತೋರಿತು.

ಬಹುಮಾನವನ್ನು ಕೊಡುವವರು ಮೋಟಾರು ಪತ್ರಿಕೆಗಳಲ್ಲಿ ಬರೆಯುವ ಅನುಭವಸ್ಥರು. ಆ ವರ್ಷ ಹೊಸದಾಗಿ ಮಾರುಕಟ್ಟೆಗೆ ಬಂದ ಗಾಡಿಗಳನ್ನು ಓಡಿಸಿ ನೋಡಿ, ಬೆಲೆ, ಅಂದ, ಇಂಧನದ ಮಿತವ್ಯಯ, ನಡೆಸುವ ಸುಖ ಮೊದಲಾದುವನ್ನು ತೂಗಿ ಅಂಕ ಕೊಡುತ್ತಾರೆ. ಅವರ ನಿಷ್ಠೆಯನ್ನು ನಾವು ಶಂಕಿಸುವುದಿಲ್ಲ. ಆದರೆ ಅವರು ನೋಡುವುದು ಗಾಡಿಯ ನಾಮಕರಣದ ದಿನ. ನಾವು ನೋಡುವುದು ಅದರ ಸಂಸಾರದ ಹತ್ತು ಹದಿನೈದು ವರ್ಷ. ತೊಟ್ಟಿಲಲ್ಲಿರುವ ಮಗುವಿನ ಮುಖಲಕ್ಷಣವನ್ನು ಹೊಗಳಬಹುದು. ಅದು ಮುಂದೆ ತಂದೆತಾಯಿಗಳನ್ನು ಸಾಕೀತೆ ಎಂಬುದನ್ನು ಅಂದೇ ಹೇಳಲು ಯಾರಿಂದಲೂ ಆಗದು.

ಇದಕ್ಕೆ ನಿದರ್ಶನ ಬೇಕಾದರೆ ದೂರ ಹೋಗಬೇಕಾಗಿಲ್ಲ. ಸ್ಕೂಟರಿನ ಮೇಲೆ ನಾಲ್ವರು ಕುಳಿತು ಹೋಗುವ ಸಂಸಾರಕ್ಕೊಂದು ಸೂರುಳ್ಳ ಗಾಡಿಯನ್ನು ಕೊಡಬೇಕೆಂಬ ಉದಾತ್ತವಾದ ಆಸೆಯಿಂದ ಹುಟ್ಟಿದ್ದು ನ್ಯಾನೋ. ಒಂದು ಲಕ್ಷ ರೂಪಾಯಿಯ ಕಾರೆಂದು ೨೦೦೯ರಲ್ಲಿ ಅದು ಮಾರುಕಟ್ಟೆಗೆ ಬಂದಾಗ ಲೋಕವೇ ತಿರುಗಿ ನೋಡಿತು. ಮರುವರ್ಷದ ಬಹುಮಾನವೂ ಅದಕ್ಕೇ ಸಂದಿತು. ಆದರೆ ‘ಎಲ್ಲಕ್ಕಿಂತ ಅಗ್ಗದ್ದು’ ಎಂಬ ಹೆಸರೇ ಅದಕ್ಕೆ ಮುಳುವಾಯಿತು. ಕಾರು ಕೊಳ್ಳುವವನು ಸೂರನ್ನಷ್ಟೇ ಅಲ್ಲ, ಸ್ವಲ್ಪ ಮರ್ಯಾದೆಯನ್ನೂ ಕೊಳ್ಳುತ್ತಾನೆಂಬುದನ್ನು ಲೆಕ್ಕ ಹಾಕಿದವರು ಮರೆತಿದ್ದರೆಂದು ತೋರುತ್ತದೆ. ೨೦೧೮ರ ಹೊತ್ತಿಗೆ ಅದರ ತಯಾರಿಕೆ ಮುಗಿದೇಹೋಯಿತು. ೨೦೧೧ರ ಬಹುಮಾನ ಪಡೆದ ಫಿಗೋ ಓಡಿಸುವವರ ಮೆಚ್ಚಿಕೆಯನ್ನು ಗಳಿಸಿದ ಗಾಡಿ. ಆದರೆ ೨೦೨೧ರ ಸೆಪ್ಟೆಂಬರಿನಲ್ಲಿ ಅದರ ಕಂಪನಿಯು ಭಾರತದಲ್ಲಿ ಕಾರು ತಯಾರಿಸುವುದನ್ನು ನಿಲ್ಲಿಸುವುದಾಗಿ ಸಾರಿತು. ದುರಸ್ತಿಯ ಏರ್ಪಾಡನ್ನೂ ಬಿಡಿಭಾಗಗಳನ್ನೂ ಒದಗಿಸುವುದಾಗಿ ಅದು ಹೇಳಿತಾದರೂ, ತವರು ತಪ್ಪಿದ ಗಾಡಿಯನ್ನು ಎರಡನೆಯ ಕೈಗೆ ಮಾರುವವರ ಕಳವಳ ಎಂಥದೆಂಬುದನ್ನು ಊಹಿಸಿಕೊಳ್ಳಬಹುದು.

ಇದಕ್ಕಿಂತಲೂ ಗಂಭೀರವಾದ ವಿಷಯ ಇನ್ನೊಂದುಂಟು. ೨೦೧೪ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆಯವರು ನಮ್ಮ ದೇಶದ ಐದು ಸಣ್ಣ ಗಾಡಿಗಳ ಕೆಳದರ್ಜೆಯ ಮಾದರಿಗಳನ್ನು ಗಂಟೆಗೆ ೬೪ ಕಿಲೋಮೀಟರ್ ವೇಗದಲ್ಲಿ ಅಡ್ಡಗಟ್ಟೆಗೆ ಗುದ್ದಿಸಿ ಪರೀಕ್ಷಿಸಿದರು. ದೊಡ್ಡವರ ರಕ್ಷಣೆಯಲ್ಲಿ ಐದಕ್ಕೂ ದೊರೆತದ್ದು ಸೊನ್ನೆ. ಆ ಐದರಲ್ಲಿ ಐ-ಟೆನ್ ಇತ್ತು, ನ್ಯಾನೋ ಇತ್ತು, ಫಿಗೋ ಇತ್ತು — ಮೂರೂ ಬಹುಮಾನಿತ ಗಾಡಿಗಳು. ಅದೇ ವರ್ಷದ ಕೊನೆಯಲ್ಲಿ, ಆಗಲೇ ಎರಡು ಬಾರಿ ಬಹುಮಾನ ಪಡೆದಿದ್ದ ಸ್ವಿಫ್ಟಿನ ಗತಿಯೂ ಹಾಗೆಯೇ ಆಯಿತು. ಆ ಐದರಲ್ಲಿ ಒಂದಾದ ಫೋಕ್ಸ್‌ವ್ಯಾಗನ್ ಪೋಲೋ ಗಾಡಿಯನ್ನು, ಏರ್‌ಬ್ಯಾಗೆಂಬ ಗಾಳಿಚೀಲಗಳೆರಡನ್ನು ಮುಂದೆ ಅಳವಡಿಸಿ ಮತ್ತೊಮ್ಮೆ ಪರೀಕ್ಷಿಸಿದಾಗ, ಐದಕ್ಕೆ ನಾಲ್ಕು ನಕ್ಷತ್ರಗಳು ಬಂದುವು. ಸೊನ್ನೆಗೂ ನಾಲ್ಕಕ್ಕೂ ನಡುವೆ ಇದ್ದದ್ದು ಎರಡು ಚೀಲಗಳು! ಅಂದಿನ ಅಗ್ಗದ ಗಾಡಿಗಳಲ್ಲಿ ಈ ಚೀಲಗಳು ಬಹುಪಾಲು ಮೇಲಿನ ದರ್ಜೆಯವಕ್ಕೆ ಮಾತ್ರ ಮೀಸಲಾಗಿದ್ದುವು. ನಮ್ಮ ಈಗಿನ ಗಾಡಿಯೂ ಆ ಕಾಲದ್ದೇ, ಅದರಲ್ಲಿಯೂ ಅವು ಇಲ್ಲ. ಈ ಸಂಗತಿಯನ್ನು ಓದಿದ ಮೇಲೆ ಮಗಳನ್ನು ಅದರಲ್ಲಿ ಕೂರಿಸಿಕೊಂಡು ಹೆದ್ದಾರಿಗೆ ಹೊರಡುವಾಗ ನಮ್ಮ ಮನಸ್ಸು ಮೊದಲಿನ ಹಾಗೆ ನಿಶ್ಚಿಂತವಾಗಿಲ್ಲ.

ಆದರೆ ನಾಣ್ಯದ ಇನ್ನೊಂದು ಮುಖವನ್ನೂ ನೋಡಬೇಕು. ‘ಹಿಂದಿನ ಕಾಲದ ಸೋವಿ ಈಗೆಲ್ಲಿ!’ ಎಂದು ನಿಟ್ಟುಸಿರು ಬಿಡುವುದು ನಮ್ಮಲ್ಲಿ ವಾಡಿಕೆ. ಕಾರಿನ ವಿಷಯದಲ್ಲಿ ಆ ನಿಟ್ಟುಸಿರು ಪೂರ್ಣ ನ್ಯಾಯವಾದದ್ದಲ್ಲ. ೨೦೦೫ರಲ್ಲಿ ಸ್ವಿಫ್ಟ್ ಮೊದಲು ಬಂದಾಗ ಅದರ ಆರಂಭದ ಬೆಲೆ ನಾಲ್ಕು ಲಕ್ಷಕ್ಕೆ ಸ್ವಲ್ಪ ಕಡಮೆ. ೨೦೨೪ರ ಮೇ ತಿಂಗಳಲ್ಲಿ ಅದರ ನಾಲ್ಕನೆಯ ಅವತಾರ ಬಂದಾಗ ಆರಂಭದ ಬೆಲೆ ೬.೪೯ ಲಕ್ಷ. ಈ ಹತ್ತೊಂಬತ್ತು ವರ್ಷಗಳಲ್ಲಿ ಜೀವನವೆಚ್ಚವು ಸುಮಾರು ಮೂರುಪಟ್ಟಾಗಿದ್ದರೆ, ಕಾರಿನ ಬೆಲೆ ಎರಡುಪಟ್ಟೂ ಆಗಲಿಲ್ಲ. ಅದಕ್ಕೆ ಹೆಚ್ಚಾಗಿ, ಹೊಸ ಗಾಡಿಯ ಅತಿ ಕೆಳದರ್ಜೆಯ ಮಾದರಿಯಲ್ಲಿಯೇ ಆರು ಗಾಳಿಚೀಲಗಳುಂಟು. ೨೦೨೪ರ ಬಹುಮಾನ ಪಡೆದ ಎಕ್ಸ್‌ಟರಿನಲ್ಲಿಯೂ ಹಾಗೆಯೇ. ೨೦೨೫ರ ಸೆಪ್ಟೆಂಬರ್ ೨೨ರಿಂದ ಸಣ್ಣ ಕಾರುಗಳ ಮೇಲಣ ಜಿ.ಎಸ್.ಟಿ. ನೂರಕ್ಕೆ ೨೮ರಿಂದ ೧೮ಕ್ಕೆ ಇಳಿದಾಗ ಸ್ವಿಫ್ಟಿನ ಆರಂಭದ ಬೆಲೆ ೫.೭೯ ಲಕ್ಷಕ್ಕೆ ಬಂದಿತು.

ಈ ಬದಲಾವಣೆಯನ್ನು ತಂದದ್ದು ಬಹುಮಾನಗಳಲ್ಲ. ಗುದ್ದುಪರೀಕ್ಷೆಯ ಸೊನ್ನೆಗಳು ಹುಟ್ಟಿಸಿದ ನಾಚಿಕೆ ಮತ್ತು ಸರಕಾರದ ಕಾನೂನು. ಚಕ್ರ ಜಾರದಂತೆ ತಡೆಯುವ ಬ್ರೇಕಿನ ಏರ್ಪಾಡು ೨೦೧೯ರಲ್ಲಿ ಕಡ್ಡಾಯವಾಯಿತು. ಚಾಲಕನ ಮುಂದಣ ಗಾಳಿಚೀಲವೂ ಅದೇ ವರ್ಷ ಕಡ್ಡಾಯವಾಗಿ, ಪಕ್ಕದವರ ಚೀಲದ ನಿಯಮ ೨೦೨೧ರಲ್ಲಿ ಆರಂಭವಾಯಿತು. ೨೦೨೩ರ ಅಕ್ಟೋಬರಿನಿಂದ ನಮ್ಮ ದೇಶದ್ದೇ ಆದ ‘ಭಾರತ್ ಎನ್‌ಕ್ಯಾಪ್’ ಪರೀಕ್ಷೆ ನಡೆಯುತ್ತಿದೆ. ಅಗ್ಗದ ಗಾಡಿಗೆ ಗಟ್ಟಿತನ ಸಾಧ್ಯವಿಲ್ಲವೆಂಬ ಮಾತೂ ಸುಳ್ಳಾಗಿದೆ: ಟಾಟಾ ಪಂಚ್ ೨೦೨೧ರಲ್ಲಿಯೂ, ಮಾರುತಿ ಡಿಜೈರ್ ೨೦೨೪ರಲ್ಲಿಯೂ ಐದಕ್ಕೆ ಐದು ನಕ್ಷತ್ರ ಪಡೆದುವು. ಪಂಚ್ ಬಂದ ಕಾಲದ ಬಹುಮಾನವಾದರೋ ಅದಕ್ಕಿಂತ ದೊಡ್ಡದಾದ ಬೇರೊಂದು ಗಾಡಿಗೆ ಹೋಯಿತು. ಬಹುಮಾನದ ದಾರಿಯೇ ಬೇರೆ, ನಕ್ಷತ್ರದ ದಾರಿಯೇ ಬೇರೆ ಎಂಬುದನ್ನು ಗೃಹಸ್ಥನು ಮನಸ್ಸಿನಲ್ಲಿಟ್ಟಿರಬೇಕು.

ಇನ್ನು ಮನೆಯ ಲೆಕ್ಕಕ್ಕೆ ಬರೋಣ. ಅಂಗಡಿಯ ಬೋರ್ಡಿನ ಮೇಲಿರುವ ಬೆಲೆಗೆ ಗಾಡಿ ಮನೆಗೆ ಬರುವುದಿಲ್ಲ. ನಮ್ಮ ಕರ್ನಾಟಕದಲ್ಲಿ ಐದರಿಂದ ಹತ್ತು ಲಕ್ಷದೊಳಗಣ ಪೆಟ್ರೋಲು ಕಾರಿಗೆ ಆಜೀವ ತೆರಿಗೆಯೇ ನೂರಕ್ಕೆ ಹದಿನಾಲ್ಕು. ಅದರ ಮೇಲೆ ಸೆಸ್ಸು. ೫.೭೯ ಲಕ್ಷದ ಗಾಡಿಗೆ ತೆರಿಗೆಯೊಂದೇ ಎಂಬತ್ತು ಸಾವಿರವನ್ನು ಮೀರುತ್ತದೆ. ಅದರೊಡನೆ ವಿಮೆಯಿದೆ, ಇತರರಿಗಾಗುವ ಹಾನಿಯ ವಿಮೆಯನ್ನು ಹೊಸ ಕಾರಿಗೆ ಮೂರು ವರ್ಷಕ್ಕೆ ಒಟ್ಟಿಗೆ ಕಟ್ಟಬೇಕೆಂಬುದು ೨೦೧೮ರಿಂದ ಬಂದ ಕಟ್ಟಳೆ. ಅಂಗಡಿಯವರು ಒಂದೊಂದಾಗಿ ಮೇಲಿನ ದರ್ಜೆಗಳನ್ನು ತೋರಿಸುತ್ತ ಹೋದಂತೆಲ್ಲ, ‘ಇನ್ನು ಅರ್ಧ ಲಕ್ಷ ತಾನೆ!’ ಎಂಬ ಮಾತು ಮೆಟ್ಟಿಲುಮೆಟ್ಟಿಲಾಗಿ ನಮ್ಮನ್ನು ಹತ್ತಿಸುತ್ತದೆ. ಆರು ಲಕ್ಷವೆಂದು ಹೊರಟವನು ಒಂಬತ್ತರಲ್ಲಿ ನಿಲ್ಲುತ್ತಾನೆ. ಬಹುಮಾನವನ್ನು ತಂದದ್ದು ಕಡಮೆ ಬೆಲೆಯೆಂದಾದರೆ, ಆ ಬಹುಮಾನ ಒಂಬತ್ತು ಲಕ್ಷದ ಗಾಡಿಗೆ ಸಲ್ಲುವುದೆ?

ಸಾಲದ ಲೆಕ್ಕವನ್ನೂ ನಾವು ಮಾಡಿ ನೋಡಿದೆವು. ಐದು ಲಕ್ಷ ರೂಪಾಯಿಯನ್ನು ನೂರಕ್ಕೆ ಒಂಬತ್ತರ ಬಡ್ಡಿಯಲ್ಲಿ ಏಳು ವರ್ಷಕ್ಕೆ ತಂದರೆ ತಿಂಗಳ ಕಂತು ಸುಮಾರು ಎಂಟು ಸಾವಿರ, ಕೇಳಲು ಹಗುರ. ಆದರೆ ಒಟ್ಟು ಬಡ್ಡಿ ಒಂದು ಲಕ್ಷದ ಎಪ್ಪತ್ತೈದು ಸಾವಿರ. ಅದನ್ನೇ ನಾಲ್ಕು ವರ್ಷಕ್ಕೆ ತಂದರೆ ಕಂತು ಹನ್ನೆರಡೂವರೆ ಸಾವಿರಕ್ಕೆ ಸಮೀಪ, ಬಡ್ಡಿ ಒಂದು ಲಕ್ಷದೊಳಗೆ. ಇತ್ತ ಗಾಡಿಯಾದರೋ, ವಿಮೆಯವರ ಕೋಷ್ಟಕದಂತೆಯೇ, ಐದು ವರ್ಷವಾಗುವಷ್ಟರಲ್ಲಿ ಅರ್ಧ ಬೆಲೆಯನ್ನು ಕಳೆದುಕೊಂಡಿರುತ್ತದೆ. ಏಳು ವರ್ಷದ ಸಾಲವೆಂದರೆ, ಅರ್ಧ ಕರಗಿದ ಮಂಜುಗಡ್ಡೆಗೆ ಪೂರ್ತಿ ಬೆಲೆಯ ಕಂತನ್ನು ಕಟ್ಟುತ್ತ ಕುಳಿತಂತೆ.

ಮೈಲೇಜಿನ ವಿಷಯದಲ್ಲಿಯೂ ನಮ್ಮ ಜನರಿಗೆ ಮೋಹ ಹೆಚ್ಚು. ನಾವು ವರ್ಷಕ್ಕೆ ಓಡಿಸುವುದು ಎಂಟು ಸಾವಿರ ಕಿಲೋಮೀಟರ್. ಲೀಟರಿಗೆ ೧೮ ಕಿಲೋಮೀಟರ್ ಕೊಡುವ ಗಾಡಿಗೂ ೨೨ ಕೊಡುವ ಗಾಡಿಗೂ ನಮಗಾಗುವ ವ್ಯತ್ಯಾಸ ವರ್ಷಕ್ಕೆ ಸುಮಾರು ಎಂಬತ್ತು ಲೀಟರು. ಪೆಟ್ರೋಲು ಲೀಟರಿಗೆ ನೂರು ರೂಪಾಯಿಯೆಂದಿಟ್ಟುಕೊಂಡರೆ ಎಂಟು ಸಾವಿರ ರೂಪಾಯಿ. ಈ ಎಂಟು ಸಾವಿರವನ್ನು ಉಳಿಸುವುದಕ್ಕಾಗಿ ಮೊದಲೇ ಒಂದು ಲಕ್ಷ ಹೆಚ್ಚು ಕೊಟ್ಟರೆ, ಅದು ತೀರಲು ಹನ್ನೆರಡು ವರ್ಷ ಮೀರುತ್ತದೆ. ದಿನವೂ ಐವತ್ತು ಅರುವತ್ತು ಕಿಲೋಮೀಟರ್ ಓಡುವವರ ಲೆಕ್ಕ ಬೇರೆ. ಅವರಿಗೆ ಆ ಲಕ್ಷ ಬೇಗನೆ ಹಿಂದಿರುಗುತ್ತದೆ. ಆದಕಾರಣ ನೆರೆಮನೆಯವರಿಗೆ ಒಪ್ಪಿದ ಗಾಡಿ ನಮಗೂ ಒಪ್ಪಬೇಕೆಂಬ ನಿಯಮವಿಲ್ಲ.

ಕಟ್ಟಕಡೆಗೆ ದುರಸ್ತಿಯ ಮಾತು. ಕೊಂಡ ಗಾಡಿಗೆ ನಮ್ಮ ತಾಲೂಕಿನಲ್ಲಿಯೇ ಕೈಯಾಡಿಸಬಲ್ಲ ಮೇಸ್ತ್ರಿಯುಂಟೆ? ಬಿಡಿಭಾಗವು ಮರುದಿನ ಬರುವುದೆ, ಮರುತಿಂಗಳೆ? ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷದ್ದು. ಅಷ್ಟು ಕಾಲವೂ ಕೆಡದೆ ಓಡುವ ಗಾಡಿ ಇಲ್ಲ. ಈ ಪ್ರಶ್ನೆಗೆ ಉತ್ತರ ಯಾವ ಬಹುಮಾನದ ಫಲಕದ ಮೇಲೂ ಬರೆದಿರುವುದಿಲ್ಲ. ಊರಿನ ಗ್ಯಾರೇಜಿನ ಮುಂದೆ ಅರ್ಧ ಗಂಟೆ ನಿಂತರೆ ತಾನಾಗಿಯೇ ತಿಳಿಯುತ್ತದೆ.

ಹೀಗೆ ಎಲ್ಲವನ್ನೂ ತೂಗಿ ನೋಡಿದ ಮೇಲೆ ನಮಗೆ ತೋರಿದ್ದನ್ನು ಹೇಳುತ್ತೇವೆ. ಅಗ್ಗದ ಸಂಸಾರದ ಕಾರು ಇಂದಿಗೂ ಹಣಕ್ಕೆ ತಕ್ಕ ವಸ್ತುವೇ. ಹತ್ತು ವರ್ಷದ ಹಿಂದಿಗಿಂತ ಹೆಚ್ಚಾಗಿಯೇ ಹೌದು. ಆದರೆ ಅದು ಹಾಗಾಗುವುದು ಬಹುಮಾನ ಪಡೆದದ್ದರಿಂದಲ್ಲ, ನಾವು ಅದನ್ನು ಕೊಳ್ಳುವ ರೀತಿಯಿಂದ. ಬಹುಮಾನವನ್ನು ಪರಿಚಯದ ಪತ್ರವೆಂದು ಭಾವಿಸಿ ಬಾಗಿಲೊಳಗೆ ಬಿಟ್ಟುಕೊಳ್ಳಬಹುದು. ಹೆಣ್ಣು ಕೊಡುವ ಮೊದಲು ವಿಚಾರಿಸಬೇಕಾದುದನ್ನೆಲ್ಲ ವಿಚಾರಿಸಲೇ ಬೇಕು. ನಮ್ಮ ಮನೆಯಲ್ಲಿ ಈಗ ಒಂದು ಹಾಳೆಯ ಮೇಲೆ ಗೆರೆ ಎಳೆದು ಕೋಷ್ಟಕ ಬರೆದಿದ್ದೇವೆ. ಮೊದಲನೆಯ ಮನೆಯಲ್ಲಿ ಗುದ್ದುಪರೀಕ್ಷೆಯ ನಕ್ಷತ್ರ. ಎರಡನೆಯದರಲ್ಲಿ ರಸ್ತೆಗಿಳಿಯುವ ಹೊತ್ತಿನ ಪೂರ್ತಿ ಬೆಲೆ. ಮೂರನೆಯದರಲ್ಲಿ ದುರಸ್ತಿಯ ಅನುಕೂಲ. ನಾಲ್ಕನೆಯದರಲ್ಲಿ, ತಾಯಿಯವರು ಯಾರ ಕೈಯನ್ನೂ ಹಿಡಿಯದೆ ಹತ್ತಿ ಇಳಿಯಬಲ್ಲರೆ ಎಂಬುದು. ಬಹುಮಾನಕ್ಕೆ ಐದನೆಯ ಮನೆಯನ್ನು ಬಿಟ್ಟಿದ್ದೇವೆ. ಮೊದಲ ನಾಲ್ಕರಲ್ಲಿ ಎರಡು ಗಾಡಿಗಳು ಸಮಸಮವಾಗಿ ನಿಂತರೆ ಮಾತ್ರ ಆ ಮನೆಯನ್ನು ನೋಡುವುದೆಂದು ಮಗಳೂ ಒಪ್ಪಿದ್ದಾಳೆ. ಸಾಲ ನಾಲ್ಕು ವರ್ಷದ್ದು. ಅವಳ ಕಾಲೇಜಿನ ಗಂಟಿಗೆ ಕೈಹಾಕುವಂತಿಲ್ಲ.

ಇದನ್ನು ಓದುವ ಸೋದರಸೋದರಿಯರಲ್ಲಿ ಒಂದು ಮಾತನ್ನು ಅರಿಕೆ ಮಾಡಿಕೊಳ್ಳುತ್ತೇವೆ. ಆರು ಗಾಳಿಚೀಲಗಳ ಗಾಡಿಯನ್ನೇ ಕೊಂಡರೂ, ಸೀಟಿನ ಪಟ್ಟಿಯನ್ನು ಬಿಗಿದುಕೊಳ್ಳದವನಿಗೆ ಅವುಗಳಿಂದ ಪೂರ್ಣ ರಕ್ಷಣೆಯಿಲ್ಲ. ಹಿಂದೆ ಕುಳಿತ ಅಜ್ಜಿಗೂ ಮೊಮ್ಮಗುವಿಗೂ ಆ ಪಟ್ಟಿಯನ್ನು ಹಾಕಿಸಿದ ಮೇಲೆಯೇ ಗಾಡಿಯನ್ನು ಹೊರಡಿಸಿರಿ. ಅದಕ್ಕೆ ಹೆಚ್ಚಿನ ಬೆಲೆಯಿಲ್ಲ, ಕಂತಿಲ್ಲ, ಬಡ್ಡಿಯಿಲ್ಲ. ಅದಕ್ಕೆ ಯಾರೂ ಬಹುಮಾನ ಕೊಡುವುದೂ ಇಲ್ಲ. ಹೊರಟವರೆಲ್ಲರೂ ಸುಖವಾಗಿ ಮನೆ ಸೇರುವುದಕ್ಕಿಂತ ದೊಡ್ಡ ಬಹುಮಾನ ಸಂಸಾರವಂದಿಗರಿಗೆ ಬೇರೆ ಯಾವುದಿದೆ?