ಚಟ್ಟಿಯ ಒಳ್ಳೆಮೆಣಸು

ಕುಂದಾಪುರ ಸೀಮೆಯ ಹಳೆಯ ಮನೆಗಳಲ್ಲಿ ಒಳ್ಳೆಮೆಣಸನ್ನು ಅಂಗಡಿಯಿಂದ ತರುವುದೆಂದರೆ ಹೆಂಗಸರಿಗೆ ಸ್ವಲ್ಪ ಅವಮಾನದ ಸಂಗತಿಯೇ ಆಗಿತ್ತು. ಹಿತ್ತಿಲ ಹಲಸಿನ ಮರಕ್ಕೋ ಮಾವಿನ ಮರಕ್ಕೋ ಹಬ್ಬಿದ ಒಂದು ಬಳ್ಳಿಯಿದ್ದರೆ ವರ್ಷದ ಸಾರಿಗೆ, ಜ್ವರದ ಕಷಾಯಕ್ಕೆ, ಬಾಣಂತಿಯ ಮದ್ದಿಗೆ ಸಾಕಾಗುತ್ತಿತ್ತು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆದರು. ಹಿತ್ತಿಲಿದ್ದ ನಮ್ಮ ಅಮ್ಮಂದಿರೂ ತಕ್ಕಮಟ್ಟಿಗೆ ರಾಣಿಯರೇ. ಈಗ ಹಿತ್ತಿಲು ಹೋಗಿ ಬಾಲ್ಕನಿ ಬಂದಿದೆ. ಬಳ್ಳಿಯ ಜಾಗಕ್ಕೆ ಚಟ್ಟಿಯ ಪೊದೆಮೆಣಸು ಬಂದಿದೆ.

ಬಳ್ಳಿಯ ಮೇಲಕ್ಕೆ ಹತ್ತುವ ಕುಡಿಯನ್ನು ನೆಟ್ಟರೆ ಅದು ಮತ್ತೆ ಬಳ್ಳಿಯೇ ಆಗುತ್ತದೆ. ಕಾಳು ಬಿಡುವ ಅಡ್ಡ ಕವಲಿಗೆ ಬೇರು ಬರಿಸಿ ನೆಟ್ಟರೆ ಹತ್ತುವ ಗೋಜಿಗೆ ಹೋಗದೆ ಪೊದೆಯಾಗಿ ನಿಂತು ಚಟ್ಟಿಯಲ್ಲೇ ಕಾಳು ಬಿಡುತ್ತದೆ. ಬೈಂದೂರು ಕಡೆಯ ನಮ್ಮ ತವರಿನ ಜಾಗ ಪಾಲಾಗಿ ಮಾರಾಟವಾಗುವ ಮುಂಚೆ ಅಕ್ಕ ಅಲ್ಲಿಂದ ತಂದುಕೊಂಡದ್ದು ಅಂಥ ಒಂದು ಕವಲನ್ನು. ಅಮ್ಮ ನೆಟ್ಟ ಬಳ್ಳಿಯದು. ಮರುವರ್ಷವೇ ಆ ಮೂಲ ಬಳ್ಳಿ ಸೊರಗುರೋಗಕ್ಕೆ ಹೋಯಿತೆಂದು ಸುದ್ದಿ ಬಂತು. ಹಾಗಾಗಿ ಅಮ್ಮನ ಕೈಯದೆಂದು ಉಳಿದದ್ದು ಕುಂದಾಪುರದ ಅಕ್ಕನ ಮನೆಯ ಆ ಚಟ್ಟಿಯೊಂದೇ. ಅದರ ಪಕ್ಕ ನರ್ಸರಿಯಿಂದ ತಂದ ಒಂದು ಕಸಿಗಿಡವೂ ಇತ್ತು.

ಸೋಣೆ ತಿಂಗಳ ಒಂದು ಬೆಳಿಗ್ಗೆ ಅಕ್ಕನ ಫೋನು. “ಎಲಿ ಎಲ್ಲ ಉದುರ್ತಾ ಇತ್ ಕಾಣ್. ಅಮ್ಮನ ಗಿಡ ಇನ್ನ್ ಉಳಿತಿಲ್ಲ.” ಅವಳ ದನಿ ಕೇಳಿದರೆ ಗಿಡದ ಸುದ್ದಿ ಅನ್ನಿಸುತ್ತಿರಲಿಲ್ಲ.

ಹೋಗಿ ನೋಡಿದೆ. ಎಲೆ ಉದುರುವುದು ಕಾಯಿಲೆಯಲ್ಲ, ಕಾಯಿಲೆಯ ಗುರುತು. ಮಗುವಿಗೆ ಜ್ವರ ಬಂದ ಹಾಗೆ. ಕಾರಣ ಬೇರೆಯೇ ಇರುತ್ತದೆ. ಆದ್ದರಿಂದ ಉದುರಿದ ಎಲೆಯನ್ನು ಗುಡಿಸಿ ಎಸೆಯುವ ಮೊದಲು ಕೈಯಲ್ಲಿ ಹಿಡಿದು ನೋಡಬೇಕು. ಬುಡದ ಮುದಿ ಎಲೆ ಒಂದೊಂದಾಗಿ ಹಳದಿಯಾಗಿ ಬಿದ್ದರೆ ಚಿಂತೆ ಬೇಡ, ಅದು ವಯಸ್ಸು. ಮಳೆ ಮುಗಿದ ಮೇಲೆ ಗಿಡವಿಡೀ ನಿಧಾನವಾಗಿ ಹಳದಿಯಾಗಿ, ಬೇರಿನಲ್ಲಿ ಸಣ್ಣ ಗಂಟುಗಳು ಕಂಡರೆ ಅದು ಜಂತುಹುಳದ ಕೆಲಸ. ಮಣ್ಣು ಬದಲಿಸಿ ಬೇವಿನ ಹಿಂಡಿ ಸೇರಿಸಬೇಕು. ಆದರೆ ಅಕ್ಕನ ಗಿಡದ ಎಲೆಗಳು ಹಸಿರಾಗಿದ್ದಾಗಲೇ ಬಿದ್ದಿದ್ದವು. ಮೇಲೆ ಕಪ್ಪು ಕಲೆ. ಕಲೆಯ ಅಂಚು ಬಟ್ಟೆಯ ನೂಲು ಬಿಟ್ಟಂತೆ. ಅಮ್ಮನ ಬಳ್ಳಿಯನ್ನು ತೆಗೆದುಕೊಂಡು ಹೋದದ್ದೂ ಇದೇ, ಫೈಟಾಫ್ತೊರಾ. ಅಡಿಕೆಯ ಕೊಳೆರೋಗವನ್ನು ತರುವುದು ಇದರ ದಾಯಾದಿ. 1845ರಿಂದ ಐರ್ಲೆಂಡಿನ ಬಟಾಟೆಯನ್ನು ಕೊಳೆಸಿ ಜನರನ್ನು ಹಸಿವಿಗೆ ನೂಕಿದ್ದು ಇನ್ನೊಂದು ದಾಯಾದಿ. ಇದರ ಕಣಗಳು ನೀರಿನಲ್ಲಿ ಈಜುತ್ತವೆ, ಮಳೆಹನಿ ಸಿಡಿದಲ್ಲೆಲ್ಲ ಹಾರುತ್ತವೆ. ನಮ್ಮೂರಿನ ಮಳೆಗಾಲ ಇದಕ್ಕೆ ಹಬ್ಬ. ಅಕ್ಕನ ಚಟ್ಟಿ ಸೂರಿನ ನೀರು ಬೀಳುವಲ್ಲೇ ಇತ್ತು. ಕೆಳಗಿನ ತಟ್ಟೆ ತುಂಬಿ ನಿಂತಿತ್ತು.

ಮೊದಲು ನೋಡಬೇಕಾದದ್ದು ಬುಡ. ಮಣ್ಣಿಗೆ ತಾಗಿದ ಕಾಂಡವನ್ನು ಉಗುರಿನಿಂದ ಸ್ವಲ್ಪ ಕೆರೆದೆ. ಒಳಗೆ ಕಪ್ಪಾಗಿದ್ದರೆ ಗಿಡವನ್ನು ಮಣ್ಣಿನ ಸಮೇತ ತೆಗೆಯುವುದೊಂದೇ ದಾರಿ. ಹಸಿರಿತ್ತು. ಅಕ್ಕ ಮಾತಾಡಲಿಲ್ಲ, ಒಂದು ಉಸಿರು ಬಿಟ್ಟಳು.

ಕಲೆಯಿದ್ದ ಎಲೆ, ಕವಲು ಎಲ್ಲ ಕತ್ತರಿಸಿ ತೆಗೆದೆವು. ಬಿದ್ದ ಎಲೆಗಳನ್ನೂ ಹೆಕ್ಕಿ ಸುಟ್ಟೆವು. ತಟ್ಟೆ ತೆಗೆದು ಚಟ್ಟಿಯನ್ನು ಸೂರಿನ ಒಳಗೆ, ಇಟ್ಟಿಗೆಯ ಮೇಲೆ ಇಟ್ಟು ತಳದ ತೂತನ್ನು ಕಡ್ಡಿಯಿಂದ ಬಿಡಿಸಿದೆವು. ಮಳೆ ಬಿಟ್ಟ ಹೊತ್ತಿನಲ್ಲಿ ಬೋರ್ಡೋ ದ್ರಾವಣ. ಒಂದು ಲೀಟರಿಗೆ 10 ಗ್ರಾಂ ಮೈಲುತುತ್ತ, 10 ಗ್ರಾಂ ಸುಣ್ಣ. ಎರಡನ್ನೂ ಅರ್ಧರ್ಧ ಲೀಟರ್ ನೀರಿನಲ್ಲಿ ಬೇರೆಬೇರೆ ಪ್ಲಾಸ್ಟಿಕ್ ಪಾತ್ರೆಯಲ್ಲಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು. ಚೂರಿಯ ಅಲಗು ಅದ್ದಿದಾಗ ಕೆಂಪು ಬಣ್ಣ ಹತ್ತಿದರೆ ಇನ್ನಷ್ಟು ಸುಣ್ಣ. ಮಾಡಿದ ದಿನವೇ ಎಲೆಯ ಎರಡೂ ಮೈಗೆ ಸಿಂಪಡಿಸಿ, ಬುಡಕ್ಕೂ ಹೊಯ್ಯಬೇಕು. ಫ್ರಾನ್ಸಿನ ದ್ರಾಕ್ಷಿತೋಟಕ್ಕೆಂದು 1885ರಲ್ಲಿ ಮಿಲಾರ್ದೆ ಪ್ರಕಟಿಸಿದ ಮದ್ದು. ಮೈಸೂರು ಸಂಸ್ಥಾನದಲ್ಲಿ ಅಡಿಕೆಯ ಕೊಳೆಗೆ ಇದನ್ನು ಬಳಕೆಗೆ ತಂದವರು ಲೆಸ್ಲಿ ಕೋಲ್ಮನ್. ಮಣ್ಣಿಗೆ ಟ್ರೈಕೋಡರ್ಮ ಹಾಕುವವರು ಇದರ ಜೊತೆಯಲ್ಲೇ ಹಾಕಬಾರದು. ತಾಮ್ರ ಆ ಉಪಕಾರಿ ಶಿಲೀಂಧ್ರವನ್ನೂ ಕೊಲ್ಲುತ್ತದೆ.

ನವರಾತ್ರಿಯ ಹೊತ್ತಿಗೆ ಬೋಳು ಕವಲಿನಲ್ಲಿ ಎಳೆಕೆಂಪು ಚಿಗುರು ಬಂತು.

ಕತೆ ಇಲ್ಲಿಗೇ ಮುಗಿಯಲಿಲ್ಲ. ಏಪ್ರಿಲಿನಲ್ಲಿ ಪಕ್ಕದ ಕಸಿಗಿಡ ಎಲೆ ಉದುರಿಸತೊಡಗಿತು. ಮಳೆಗಾಲದಲ್ಲಿ ಹೆದರಿದ್ದ ಅಕ್ಕ ಅದಕ್ಕೂ ನೀರು ಕಡಿಮೆ ಮಾಡಿದ್ದಳು. ಆದರೆ ಅದರ ಬೇರು ಮೆಣಸಿನದಲ್ಲ, ಬ್ರೆಜಿಲ್ ಹಿಪ್ಪಲಿಯದು. ದಕ್ಷಿಣ ಅಮೆರಿಕದ ಜೌಗಿನಲ್ಲಿ ಬೆಳೆಯುವ ಆ ಹಿಪ್ಪಲಿಗೆ ಕೊಳೆರೋಗ ಸುಲಭಕ್ಕೆ ತಾಗುವುದಿಲ್ಲ. ಹಾಗೆಂದೇ ಅದರ ಮೇಲೆ ಮೆಣಸನ್ನು ಕಸಿ ಕಟ್ಟುತ್ತಾರೆ. ಒಣಗನ್ನು ಮಾತ್ರ ತಾಳದು. ಬೆಳಿಗ್ಗೆ ಸಂಜೆ ನೀರು, ಬುಡಕ್ಕೆ ತೆಂಗಿನ ಸಿಪ್ಪೆ, ಪಡುವಣ ಬಿಸಿಲಿಗೆ ಮರೆ, ಇಷ್ಟರಲ್ಲೇ ಚೇತರಿಸಿತು. ಒಂದೇ ಬಾಲ್ಕನಿ, ಒಂದೇ ರೀತಿ ಉದುರಿದ ಎಲೆ. ಒಂದನ್ನು ಬದುಕಿಸಿದ ಕ್ರಮ ಇನ್ನೊಂದನ್ನು ಕೊಲ್ಲುತ್ತಿತ್ತು. ಗಿಡ ತರುವಾಗಲೇ ಬೇರು ಯಾವುದೆಂದು ಕೇಳಿಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಎರಡು ವರ್ಷ ಗಿಡ ಆರೋಗ್ಯವಾಗಿ ನಿಂತ ಮೇಲೆ ಅದರ ಅಡ್ಡ ಕವಲುಗಳಿಗೆ ಬೇರು ಬರಿಸಿದೆವು. ನಾಲ್ಕರಲ್ಲಿ ಎರಡು ಹಿಡಿದವು. ಒಂದು ಬ್ರಹ್ಮಾವರದ ನಮ್ಮ ಮನೆಗೆ, ಇನ್ನೊಂದು ಬೈಂದೂರಿನಲ್ಲೇ ಇರುವ ಚಿಕ್ಕಮ್ಮನ ಮಗಳಿಗೆ. ಅಷ್ಟು ಜೋಪಾನ ಮಾಡಿದ್ದನ್ನು ಹಂಚುವಾಗ ಅಕ್ಕನಿಗೆ ಬೇಸರವಾಗಬಹುದೆಂದು ನನಗನ್ನಿಸಿತ್ತು. ಅವಳು ಕೈಯ ಮಣ್ಣು ಒರೆಸಿಕೊಳ್ಳುತ್ತ ಹೇಳಿದಳು: “ಒಂದೇ ಕಡೆ ಇದ್ರೆ ಒಂದೇ ಮಳ್ಗಾಲಕ್ಕೆ ಹೋತ್ತ್. ಮೂರ್ ಕಡೆ ಇರ್ಲಿ.”