ಬದಿಯ ಟಿಪ್ಪಣಿಯೂ ಉಳಿಯಲಿ

ನಕಲು ಮಾಡುವುದೆಂದರೆ ಅಕ್ಷರಗಳನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವುದಷ್ಟೇ ಅಲ್ಲ. ಧರ್ಮಕೇಂದ್ರದ ಜ್ಞಾನಸ್ನಾನದ ಪುಸ್ತಕವನ್ನು ನಿರ್ವಹಿಸಿದವರು ಇದನ್ನು ಬಲ್ಲರು. 1983ರ ಧರ್ಮಸಭೆಯ ಕಾನೂನು ಸಂಹಿತೆಯ 535ನೆಯ ವಿಧಿಯಂತೆ ವ್ಯಕ್ತಿಯ ದೃಢೀಕರಣ, ವಿವಾಹ ಮೊದಲಾದವುಗಳನ್ನೂ ಅದೇ ಪುಸ್ತಕದಲ್ಲಿ ನಮೂದಿಸಬೇಕು. ಬದಿಯ ಆ ಟಿಪ್ಪಣಿಯನ್ನು ಬಿಟ್ಟು ಹೆಸರನ್ನಷ್ಟೇ ಬರೆದುಕೊಂಡರೆ, ವಿವಾಹಿತನೊಬ್ಬನು ಕಾಗದದ ಮೇಲೆ ಅವಿವಾಹಿತನಾಗಿಬಿಡುತ್ತಾನೆ.

ಇಂತಹ ಪುಸ್ತಕಗಳ ಪುಟಗಳನ್ನು ಸ್ಕ್ಯಾನ್ ಮಾಡಿ ಗಣಕಯಂತ್ರದಲ್ಲಿ ಇರಿಸಿದ ಮೇಲೆ ಇದೇ ಪ್ರಶ್ನೆ ನನಗೆ ಹೊಸ ರೂಪದಲ್ಲಿ ಎದುರಾಯಿತು. ವರ್ಷಕ್ಕೊಂದು ಫೋಲ್ಡರ್, ಅದರೊಳಗೆ ಮತ್ತೆ ಫೋಲ್ಡರುಗಳು. ಕೊಂಬೆರೆಂಬೆಗಳುಳ್ಳ ಮರದಂತಹ ಆ ರಚನೆಯನ್ನು ಇನ್ನೊಂದು ಡಿಸ್ಕಿಗೆ ಒಯ್ಯಬೇಕಿತ್ತು. ಲಿನಕ್ಸ್ ವ್ಯವಸ್ಥೆಯಲ್ಲಿ ನಕಲಿನ ಸಾಧಾರಣ ಆದೇಶವು ಕಡತದ ಒಡಲನ್ನು ಒಯ್ಯುತ್ತದೆ ನಿಜ. ಆದರೆ ವಿಶೇಷವಾಗಿ ಸೂಚಿಸದಿದ್ದರೆ ಹಳೆಯ ದಿನಾಂಕವನ್ನು ಅಳಿಸಿ ಇಂದಿನದನ್ನು ಹಾಕುತ್ತದೆ. ಒಂದೇ ಕಡತಕ್ಕಿರುವ ಎರಡು ಹೆಸರುಗಳನ್ನು ಎರಡು ಪ್ರತ್ಯೇಕ ಕಡತಗಳನ್ನಾಗಿಸುತ್ತದೆ.

ಇಲ್ಲಿ ನೆರವಿಗೆ ಬರುವುದು ‘ಟಾರ್’. ‘ಟೇಪ್ ಆರ್ಕೈವ್’ ಎಂಬುದರ ಹ್ರಸ್ವರೂಪವಾದ ಈ ಸಾಧನವು 1979ರ ಯೂನಿಕ್ಸ್ ಏಳನೆಯ ಆವೃತ್ತಿಯೊಂದಿಗೆ ಬಂದಿತು. ಪ್ರತಿ ಕಡತದ ಮುಂದೆ ಅದು 512 ಬೈಟುಗಳ ಶಿರೋಲೇಖವನ್ನು ಇಡುತ್ತದೆ. ಹೆಸರು, ಒಡೆಯ, ಅನುಮತಿ, ಗಾತ್ರ, ಕೊನೆಯದಾಗಿ ಬದಲಾದ ಸಮಯ ಎಲ್ಲವೂ ಅದರಲ್ಲಿರುತ್ತವೆ. ಅದೇ ಅದರ ಬದಿಯ ಟಿಪ್ಪಣಿ.

ಒಂದು ಟಾರ್ ಹಳೆಯ ಜಾಗದಲ್ಲಿ ಕಟ್ಟುತ್ತಾ ಹೋಗುತ್ತದೆ. ಕೊಳವೆಯ ಆಚೆ ಬದಿಯಲ್ಲಿ ಇನ್ನೊಂದು ಟಾರ್ ಹೊಸ ಜಾಗಕ್ಕೆ ಹೋಗಿ ಬಿಚ್ಚುತ್ತದೆ. ನಡುವೆ ಗಂಟನ್ನು ಇಳಿಸಿಡಲು ಸ್ಥಳವೂ ಬೇಡ. ಆದರೆ ಇಲ್ಲಿ ಎಚ್ಚರ ಬೇಕು. ‘ಹೋಗು, ಬಿಚ್ಚು’ ಎಂದು ಎರಡು ಬಿಡಿ ಮಾತುಗಳಾಗಿ ಬರೆದರೆ, ಹೊಸ ಫೋಲ್ಡರ್ ಇಲ್ಲದಿದ್ದಾಗಲೂ ಬಿಚ್ಚುವ ಕೆಲಸ ನಿಲ್ಲದು. ನಿಂತ ಜಾಗದಲ್ಲೇ, ಮೂಲ ಕಡತಗಳ ಮೇಲೆಯೇ ಬರೆದು ಅವನ್ನು ಕೆಡಿಸಬಹುದು. ‘ತಲಪಿದರೆ ಮಾತ್ರ ಬಿಚ್ಚು’ ಎಂಬರ್ಥ ಕೊಡುವ ಎರಡು ‘ಆಂಪರ್ಸೆಂಡ್’ ಚಿಹ್ನೆಗಳನ್ನು ನಡುವೆ ಇಟ್ಟರೆ ಆ ಅಪಾಯ ತಪ್ಪುತ್ತದೆ.

ಟಾರ್ ಲೇಸೋ, ಅದಕ್ಕಿಂತ ಹಳೆಯದಾದ ‘ಸಿಪಿಐಒ’ ಲೇಸೋ ಎಂಬ ವಾದ ಬಲ್ಲವರಲ್ಲಿ ಬಹುಕಾಲ ನಡೆಯಿತು. ಎರಡನ್ನೂ ಹೊಂದಿಸಲು ಬಂದ ಸಾಧನಕ್ಕೆ ‘ಪ್ಯಾಕ್ಸ್’ ಎಂದು ಹೆಸರಿಟ್ಟರು. ಗುರುಮಠದಲ್ಲಿ ಲತೀನ್ ಓದಿದ ನಮಗೆ ಆ ಪದದ ಅರ್ಥ ‘ಶಾಂತಿ’ ಎಂದು ಹೇಳಬೇಕಾಗಿಲ್ಲ.

ನಕಲು ಮುಗಿದೊಡನೆ ಮೂಲವನ್ನು ಅಳಿಸದಿರಿ. ಗ್ನೂ ಟಾರ್‌ಗೆ ಬಿಚ್ಚುವ ಬದಲು ಹೋಲಿಸಲು ಹೇಳಿದರೆ, ವ್ಯತ್ಯಾಸವಿರುವ ಕಡತಗಳನ್ನು ಅದೇ ತೋರಿಸುತ್ತದೆ. ಮುಂದೊಂದು ದಿನ ಅಜ್ಜನ ದಾಖಲೆ ಕೇಳಿಕೊಂಡು ಮೊಮ್ಮಗಳೊಬ್ಬಳು ಬಂದಾಳು. ಅಂದು ಅಲ್ಲಿ ನಾವು ಇರಲಾರೆವು. ನಾವು ಮಾಡಿಟ್ಟ ನಕಲು ಇರುತ್ತದೆ. ಅವಳಿಗೆ ಅಜ್ಜನ ಹೆಸರಿನ ಜೊತೆಗೆ ಅಜ್ಜಿಯ ಹೆಸರೂ ಸಿಗಬೇಕಲ್ಲವೇ?