ಮೊದಲ ಬಾಲ್ಸಾ ವಿಮಾನ

ಕೊಯಮತ್ತೂರಿನ ಪೂರ್ವಕ್ಕಿರುವ ಸೂಲೂರು ವಾಯುನೆಲೆಗೆ 2018ರಲ್ಲಿ ಬೆಂಗಳೂರಿನಿಂದ ತೇಜಸ್ ಸ್ಕ್ವಾಡ್ರನ್ ಬಂದು ನೆಲೆಸಿತು. ಆ ಸದ್ದನ್ನು ಕೇಳುತ್ತ ಬೆಳೆದ ಹುಡುಗನಿಗೆ ವಿಮಾನವೆಂದರೆ ಯುದ್ಧವಿಮಾನವೇ. ಪಲ್ಲಡಂ ರಸ್ತೆಯ ಊರೊಂದರಲ್ಲಿರುವ ನನ್ನ ತಂಗಿಯ ಮಗನೂ ಅಂಥವನು. ಬಾಲ್ಸಾ ಮರದ ಮಾದರಿ ವಿಮಾನದ ಕಿಟ್ ಬೇಕೆಂದು ಕೇಳಿದಾಗ ಅವನು ತೋರಿಸಿದ್ದು ಸ್ಪಿಟ್‌ಫೈರಿನ ಚಿತ್ರವಿದ್ದ ಪೆಟ್ಟಿಗೆಯನ್ನು. ಬೇಡವೆನ್ನುವುದು ಸುಲಭ, ಏಕೆ ಬೇಡವೆಂದು ಹನ್ನೆರಡು ವರ್ಷದವನನ್ನು ಒಪ್ಪಿಸುವುದು ಕಷ್ಟ.

ಸ್ಪಿಟ್‌ಫೈರಿನ ರೆಕ್ಕೆ ಅಂಡಾಕಾರದ್ದು. ಅದರೊಳಗಿನ ಪಕ್ಕೆಲುಬುಗಳಲ್ಲಿ ಒಂದರ ಅಳತೆ ಇನ್ನೊಂದಕ್ಕಿಲ್ಲ. ಒಂದು ಮುರಿದರೆ ಅದನ್ನೇ ನಕ್ಷೆಯಲ್ಲಿ ಹುಡುಕಿ ಹೊಸದಾಗಿ ಕೊರೆಯಬೇಕು. ರೆಕ್ಕೆ ಒಡಲಿನ ತಳದಲ್ಲಿರುವುದರಿಂದ ಓಲಾಡಿದಾಗ ತಾನೇ ನೆಟ್ಟಗಾಗುವ ಗುಣವೂ ಕಡಿಮೆ. ಮೊದಲ ಸಲ ಕಟ್ಟುವವನಿಗೆ ರೆಕ್ಕೆ ಒಡಲಿನ ನೆತ್ತಿಯ ಮೇಲಿರಬೇಕು. ಹಲಗೆಯಂತೆ ಆದ್ಯಂತ ಒಂದೇ ಅಗಲವಿರಬೇಕು. ಎರಡೂ ತುದಿಗಳು ತುಸು ಮೇಲೇರಿರಬೇಕು. ವಿಮಾನ ಒಂದು ಪಕ್ಕಕ್ಕೆ ವಾಲಿದಾಗ ಆ ಕಡೆಗೇ ಜಾರುತ್ತದೆ. ಆಗ ಎದುರಾಗುವ ಗಾಳಿ ತಗ್ಗಿದ ರೆಕ್ಕೆಯನ್ನು ಹೆಚ್ಚು ಬಲದಿಂದ ಎತ್ತುತ್ತದೆ. ಯಾರೂ ನಡೆಸದ ವಿಮಾನಕ್ಕೆ ಇದೇ ಚಾಲಕ. 1871ರಲ್ಲಿ ಅಲ್ಫೋನ್ಸ್ ಪೆನೋ ಎಂಬ ಫ್ರೆಂಚ್ ತರುಣ ಹುರಿಗೊಳಿಸಿದ ರಬ್ಬರಿನ ಬಲದಿಂದ ಪ್ಯಾರಿಸ್ಸಿನ ಉದ್ಯಾನವೊಂದರಲ್ಲಿ ಪುಟ್ಟ ಮಾದರಿಯನ್ನು 11 ಸೆಕೆಂಡು ಹಾರಿಸಿದ. ದೂರ ಸುಮಾರು 40 ಮೀಟರ್. ಅದರ ಗೆಲುವಿಗೂ ತಾನೇ ಸಮತೋಲವನ್ನು ಕಾಯ್ದುಕೊಳ್ಳುವ ಈ ಗುಣವೇ ಕಾರಣ. ಈ ಕಥೆ ಹುಡುಗನನ್ನು ಅರ್ಧ ಒಪ್ಪಿಸಿತು.

ಉಳಿದರ್ಧವನ್ನು ಒಪ್ಪಿಸಿದ್ದು ಮರವೇ. ಬಾಲ್ಸಾ ನಮ್ಮ ಬೂರುಗದ ಕುಲದ್ದು. ಅದರ ಕಾಯಿಯೊಳಗೂ ಅರಳೆಯಿದೆ. ಸ್ಪಾನಿಷ್ ಭಾಷೆಯಲ್ಲಿ ಬಾಲ್ಸಾ ಎಂದರೆ ತೆಪ್ಪ. ತೇಗದ ಒಂದು ಘನ ಮೀಟರಿನ ತೂಕ 600 ಕಿಲೋ ಮೀರಿದರೆ, ಬಾಲ್ಸಾದ್ದು ಸಾಮಾನ್ಯವಾಗಿ 100ರಿಂದ 200 ಕಿಲೋ. ಈ ಅಂತರವೇ ಕಿಟ್ಟಿನ ಗುಣದೋಷವನ್ನೂ ನಿರ್ಣಯಿಸುತ್ತದೆ. ಪೆಟ್ಟಿಗೆಯನ್ನು ತೆರೆಯಲು ಬಿಟ್ಟರೆ ಚಿತ್ರದ ಕಡೆ ನೋಡದೆ ಹಾಳೆಗಳನ್ನು ಕೈಗೆತ್ತಿಕೊಳ್ಳಿ. ಅಂಚುಗಳು ಜಜ್ಜಿದಂತಿರದೆ ಹಸನಾಗಿ ಕತ್ತರಿಸಿರಬೇಕು. ಎಡ ಬಲ ರೆಕ್ಕೆಗಳ ಕಡ್ಡಿಗಳು ಒಂದೇ ತೂಕದವೆನಿಸಬೇಕು. ನಿಜ ಅಳತೆಯ ನಕ್ಷೆ ಇದ್ದೇ ಇರಬೇಕು. ಏಕೆಂದರೆ ವಿಮಾನವನ್ನು ಕಟ್ಟುವುದೇ ಆ ನಕ್ಷೆಯ ಮೇಲೆ, ಮೇಣದ ಕಾಗದ ಹಾಸಿ, ಗುಂಡುಸೂಜಿ ಚುಚ್ಚಿ. ರೆಕ್ಕೆಯ ಹರವು ಒಂದೂವರೆ ಅಡಿಯಿದ್ದರೆ ಸಾಕು. ತೀರ ಚಿಕ್ಕದು ಬೆರಳಿಗೆ ಸಿಗದು, ದೊಡ್ಡದು ತಾಳ್ಮೆಗೆ ಎಟುಕದು.

ನಮ್ಮ ಕಡೆಯವರು ಇನ್ನೊಂದನ್ನು ಯೋಚಿಸಬೇಕು. ಪಾಲಕ್ಕಾಡಿನ ಬೆಟ್ಟಸಾಲಿನ ತೆರಪಿನಿಂದ ನುಗ್ಗುವ ಗಾಳಿ ಜೂನಿನಿಂದ ಸೆಪ್ಟೆಂಬರಿನವರೆಗೆ ಪಲ್ಲಡಂ, ಉಡುಮಲಪೇಟೆ, ಧಾರಾಪುರಗಳ ಬಯಲನ್ನು ಬಿಡುವುದಿಲ್ಲ. ಸಾಲುಸಾಲಾಗಿ ನಿಂತ ಗಾಳಿಯಂತ್ರಗಳು ಅದಕ್ಕೆ ಸಾಕ್ಷಿ. ಆ ತಿಂಗಳುಗಳಲ್ಲಿ ಕಾಗದ ಹೊದಿಸಿದ ರಬ್ಬರ್ ವಿಮಾನವನ್ನು ಹೊರಗೆ ತಂದರೆ ಅದು ಪಕ್ಕದ ಊರಿನ ಪಾಲು. ಆಗ ಕೈಯಿಂದೆಸೆಯುವ ಗಟ್ಟಿಹಾಳೆಯ ಗ್ಲೈಡರ್ ಲೇಸು. ರಬ್ಬರ್ ವಿಮಾನವನ್ನು ಮಳೆಗಾಲದಲ್ಲಿ ಕಟ್ಟಿ, ಜನವರಿಯ ನಸುಕಿನಲ್ಲಿ ಹಾರಿಸುವುದು ನಮ್ಮ ಹವೆಗೆ ಒಗ್ಗುವ ಕ್ರಮ. ಸ್ಥಳ ಮಾತ್ರ ಸೂಲೂರಿನ ಓಡುದಾರಿಯಿಂದಲೂ ಪೀಳಮೇಡಿನ ವಿಮಾನ ನಿಲ್ದಾಣದಿಂದಲೂ ಬಹುದೂರವಿರಲಿ.

ಕಿಟ್ ಬಂತು. ಹುಡುಗ ನಕ್ಷೆಯನ್ನು ಬಿಡಿಸಿದವನೇ ಸುಮ್ಮನಾದ. ಅದರ ತುಂಬ ಇಂಗ್ಲಿಷ್. ಕನ್ನಡದಲ್ಲಿ ಓದುವ ಮಕ್ಕಳ ಮುಖದಲ್ಲಿ ಇಂಥ ಗಳಿಗೆಯಲ್ಲಿ ಮೂಡುವ ಭಾವವನ್ನು ಈ ಪತ್ರಿಕೆಯ ವಾಚಕರಿಗೆ ನಾನು ವರ್ಣಿಸಬೇಕಿಲ್ಲ: ಇದು ತನಗಾಗಿ ಮಾಡಿದ್ದಲ್ಲವೆಂಬ ಭಾವ. ಅಂದು ರಾತ್ರಿ ಅಂಟಿನ ಡಬ್ಬಿಯನ್ನು ತೆರೆಯಲಿಲ್ಲ. ಪೆನ್ಸಿಲ್ ಹಿಡಿದು ನಕ್ಷೆಯ ಮೇಲೆ ಹೆಸರುಗಳನ್ನು ಬರೆದೆವು. ಮುಂದಂಚು, ಹಿಂದಂಚು, ತೊಲೆ, ಪಕ್ಕೆಲುಬು, ಬಾಲದ ಹಲಗೆ, ಚುಕ್ಕಾಣಿ. ರೆಕ್ಕೆಯ ತುದಿ ಮೇಲೇರಿದ ಕೋನಕ್ಕೆ ‘ಏರು’ ಎಂದು ಹೆಸರಿಟ್ಟವನು ಅವನೇ. ನಿಘಂಟಿನ ಪದ ಅದಕ್ಕಿಂತ ಉತ್ತಮವಾಗಿದ್ದೀತೆಂದು ನನಗೆ ತೋರುವುದಿಲ್ಲ.

ಕಾಗದ ಹೊದಿಸುವ ಕೆಲಸದಲ್ಲಿ ಅವನ ಅಜ್ಜ ಸೇರಿಕೊಂಡರು. ಈ ಜಿಲ್ಲೆಗಳ ದೇವಾಂಗ ನೇಕಾರರ ಮನೆಗಳಲ್ಲಿ ತಲೆಮಾರುಗಳಿಂದ ಉಳಿದುಬಂದ ಕನ್ನಡ ಅವರದು, ಮಗ್ಗದ ಬದುಕು. ತೆಳುಕಾಗದವನ್ನು ಅಂಟಿಸಿ ನೀರು ಸಿಂಪಡಿಸಿದರೆ ಅದು ಒಣಗುತ್ತ ಬಿಗಿಯುತ್ತದೆ. ಎಳೆತ ಸಮವಾಗಿರದಿದ್ದರೆ ರೆಕ್ಕೆ ತಿರುಚುತ್ತದೆ. ಗಂಜಿಯುಂಡ ಹಾಸು ಒಣಗುವಾಗ ಏನಾಗುತ್ತದೆಂದು ಬಲ್ಲ ಅಜ್ಜನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ. ರೆಕ್ಕೆಯನ್ನು ಹಲಗೆಗೆ ಸೂಜಿಯಿಂದ ಬಿಗಿದು ಇಡೀ ರಾತ್ರಿ ನೆರಳಲ್ಲಿಟ್ಟರು. ರಬ್ಬರಿಗೆ ಹರಳೆಣ್ಣೆ ಸವರಿದವರೂ ಅವರೇ.

ಜನವರಿಯಲ್ಲಿ, ಕೊಯ್ಲು ಮುಗಿದ ಜೋಳದ ಹೊಲದಲ್ಲಿ ಅದು ಒಂಬತ್ತು ಸೆಕೆಂಡು ಹಾರಿತು. ಪೆನೋಗಿಂತ ಎರಡು ಕಡಿಮೆ ಎಂದು ಹುಡುಗನಿಗೆ ಕೊರಗು. ಮೂರನೆಯ ಹಾರಾಟದಲ್ಲಿ ಬೇಲಿಗೆ ತಗುಲಿ ಎರಡು ಪಕ್ಕೆಲುಬು ಮುರಿದವು. ಎಲ್ಲ ಪಕ್ಕೆಲುಬೂ ಒಂದೇ ಅಳತೆಯವಾದ್ದರಿಂದ ಉಳಿದೊಂದನ್ನು ಅಚ್ಚಾಗಿಟ್ಟು, ಮಿಕ್ಕ ಹಾಳೆಯಲ್ಲಿ ಹೊಸ ಎರಡನ್ನು ಸಂಜೆಯೊಳಗೆ ತಾನೇ ಕೊರೆದ. ಸ್ಪಿಟ್‌ಫೈರಿನ ಚಿತ್ರ ಅವನ ಗೋಡೆಯ ಮೇಲೆ ಈಗಲೂ ಇದೆ. ಅದರ ರೆಕ್ಕೆಯಲ್ಲಿ ಎಷ್ಟು ಪಕ್ಕೆಲುಬುಗಳಿರಬಹುದೆಂದು ಎಣಿಸುತ್ತಿದ್ದಾನೆ.